ಅಪ್‌ಲೋಡ್ ಮಾಡೋಕೆ ಮಾತ್ರ ಲೈಬ್ರರಿಯನ್ ಬೇಕಾ?

‘ಕಾಯಕ’ ಅನ್ನುವ ಮಾತು ವಚನಗಳಲ್ಲಿ ಎಷ್ಟು ಸಲ ಬಂದಿದೆ? ಯಾರ ವಚನಗಳಲ್ಲಿ ಹೆಚ್ಚು? ಮೂವತ್ತು ವರ್ಷದ ಹಿಂದೆ ಈ ಪ್ರಶ್ನೆ ಹುಟ್ಟಿದ್ದರೆ ಒಬ್ಬ ಸಂಶೋಧಕ ತಿಂಗಳುಗಟ್ಟಲೆ ಕೂತು, ಸಂಪುಟ ಸಂಪುಟ ತಿರುವಿ ಹಾಕಿ ಚೀಟಿ ಬರೆದುಕೊಳ್ಳಬೇಕಿತ್ತು. ಇವತ್ತು ‘ವಚನ ಸಂಚಯ’ಕ್ಕೆ ಹೋಗಿ ಪದ ಹಾಕಿದರೆ ಉತ್ತರ ಎದುರಿಗೆ ಬಂದು ನಿಲ್ಲುತ್ತದೆ. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳು, ಅಷ್ಟೂ ಹುಡುಕೋಕೆ ಸಿಗುತ್ತವೆ. ಇದನ್ನು ಕಟ್ಟಿದವರು ಯಾರು? ಓ.ಎಲ್. ನಾಗಭೂಷಣಸ್ವಾಮಿಯವರಂಥ ಮೇಷ್ಟ್ರು ಒಬ್ಬರು, ಮತ್ತೆ ತಮ್ಮ ಕೆಲಸದ ನಡುವೆ ಬಿಡುವು ಮಾಡಿಕೊಂಡು ಕನ್ನಡಕ್ಕೆ ದುಡಿದ ಕೆಲವು ಸಾಫ್ಟ್‌ವೇರ್ ಗೆಳೆಯರು.

ಇನ್ನೊಂದು ತಗೊಳ್ಳಿ. ವಿ. ಕೃಷ್ಣ ಅವರು ದಶಕಗಳ ಕಾಲ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು. ಒಂದೂವರೆ ಲಕ್ಷದಷ್ಟು ಪದಗಳು. 2019ರಲ್ಲಿ ‘ಅಲರ್’ ಅನ್ನುವ ಹೆಸರಲ್ಲಿ ಅದು ಎಲ್ಲರಿಗೂ ಮುಕ್ತವಾಗಿ ಸಿಕ್ಕಿತು. ಅದನ್ನು ಜಾಲಕ್ಕೆ ತಂದವರೂ ಸಾಫ್ಟ್‌ವೇರ್ ಲೋಕದವರೇ. ಬೆಂಗಳೂರಿನ ಸುತ್ತಮುತ್ತ ಗದ್ದೆ ಬದುವಿನಲ್ಲಿ, ಚರಂಡಿ ಪಕ್ಕದಲ್ಲಿ ಬಿದ್ದಿದ್ದ ಶಾಸನದ ಕಲ್ಲುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುತ್ತಿರುವುದು ಮಿಥಿಕ್ ಸೊಸೈಟಿ. ಅದು 1909ರಲ್ಲಿ ಹುಟ್ಟಿದ ಸಂಸ್ಥೆ, ವಿಶ್ವವಿದ್ಯಾಲಯ ಅಲ್ಲ.

ಈ ಮೂರರಲ್ಲಿ ಒಂದಾದರೂ ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯವೊಂದು ಶುರು ಮಾಡಿದ್ದಾ? ಇಲ್ಲ. ಕಟ್ಟಡ ಇರೋದು ಅಲ್ಲಿ, ಪುಸ್ತಕ ಇರೋದು ಅಲ್ಲಿ, ತಾಳೆಗರಿ ಇರೋದು ಅಲ್ಲಿ, ಸಂಬಳ ಕೊಟ್ಟು ಇಟ್ಟುಕೊಂಡ ಜನ ಇರೋದೂ ಅಲ್ಲೇ. ಕೆಲಸ ಮಾತ್ರ ಹೊರಗಡೆ ಆಗ್ತಿದೆ. ಹಾಗಾದರೆ ಕಾಂಪೌಂಡಿನ ಒಳಗೆ ಏನು ನಡೀತಿದೆ? ‘ಡಿಜಿಟಲ್ ಹ್ಯುಮಾನಿಟೀಸ್: ಸವಾಲುಗಳು ಮತ್ತು ಸಾಧ್ಯತೆಗಳು’ ಅಂತ ಎರಡು ದಿನದ ರಾಷ್ಟ್ರೀಯ ವಿಚಾರ ಸಂಕಿರಣ.

ನನ್ನ ತಕರಾರು ಒಂದೇ. ಕನ್ನಡದಲ್ಲಿ ಡಿಜಿಟಲ್ ಹ್ಯುಮಾನಿಟೀಸ್ ವಿಶ್ವವಿದ್ಯಾಲಯದೊಳಗೆ ಬೇರು ಬಿಡದೆ ಇರೋದಕ್ಕೆ ದುಡ್ಡು ಕಾರಣ ಅಲ್ಲ, ತಂತ್ರಜ್ಞಾನವೂ ಕಾರಣ ಅಲ್ಲ. ಕನ್ನಡ ವಿಭಾಗದವರು ಗ್ರಂಥಾಲಯವನ್ನು ಗೋದಾಮು ಅಂದುಕೊಂಡಿದ್ದಾರೆ, ಗ್ರಂಥಾಲಯದವರು ತಮ್ಮನ್ನು ಗೋದಾಮಿನ ಕಾವಲುಗಾರರು ಅಂತ ಒಪ್ಪಿಕೊಂಡುಬಿಟ್ಟಿದ್ದಾರೆ. ಕಾರಣ ಇದು.

ಈ ದೊಡ್ಡ ಹೆಸರಿನ ಅರ್ಥ ಏನು ಅಂತ ಕೇಳುವವರಿಗೆ ಒಂದು ಮಾತು. ಹಳೇ ಪುಸ್ತಕ ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡುವುದು ಡಿಜಿಟಲ್ ಹ್ಯುಮಾನಿಟೀಸ್ ಅಲ್ಲ. ಅದು ಜೆರಾಕ್ಸ್ ಅಂಗಡಿ ಕೆಲಸ, ಮಿಷನ್ ಮಾತ್ರ ದುಬಾರಿ. ಪಠ್ಯವನ್ನು ಯಂತ್ರ ಓದಬಲ್ಲ ಹಾಗೆ ಮಾಡಿ, ಅದಕ್ಕೆ ಹೊಸ ಪ್ರಶ್ನೆ ಹಾಕಿ, ಬರಿಗಣ್ಣಿಗೆ ಕಾಣದ ಉತ್ತರ ಪಡೆಯುವುದು ಅದರ ಕೆಲಸ. ಒಂದು ಕಾವ್ಯದ ಐದು ಹಸ್ತಪ್ರತಿಗಳ ಪಾಠಾಂತರವನ್ನು ಅಕ್ಕಪಕ್ಕ ಇಟ್ಟು ನೋಡುವುದು, ಒಂದು ಊರಿನ ಹೆಸರು ಯಾವ ಯಾವ ಶಾಸನದಲ್ಲಿ ಯಾವ ರೂಪದಲ್ಲಿದೆ ಅಂತ ನಕ್ಷೆಯ ಮೇಲೆ ಗುರುತು ಹಾಕುವುದು, ಒಂದು ಅಂಕಿತದ ವಚನಗಳ ಭಾಷೆ ಇನ್ನೊಂದರಿಂದ ಎಲ್ಲಿ ಬೇರೆ ಆಗುತ್ತೆ ಅಂತ ಎಣಿಸಿ ತೋರಿಸುವುದು. ಗ್ರಂಥಸಂಪಾದನೆ ಅಂತ ನಮ್ಮ ಹಿರಿಯರು ಮಾಡ್ತಿದ್ದ ಕೆಲಸಕ್ಕೆ ಹೊಸ ಕೈ ಬಂದ ಹಾಗೆ. ಡಿ.ಎಲ್. ನರಸಿಂಹಾಚಾರ್ಯರ ಶಿಷ್ಯಪರಂಪರೆಗೆ ಇದನ್ನು ಬಿಡಿಸಿ ಹೇಳಬೇಕಾದ ಅಗತ್ಯವೇ ಇರಬಾರದಿತ್ತು.

ಈಗ ನಮ್ಮಲ್ಲಿ ಪ್ರಾಜೆಕ್ಟ್ ಹೇಗೆ ನಡೆಯುತ್ತೆ ನೋಡಿ. ನಾನು ಹತ್ತಿರದಿಂದ ಕಂಡ ಒಂದು ಉದಾಹರಣೆ. ಯಾವ ವಿಶ್ವವಿದ್ಯಾಲಯ ಅನ್ನೋದು ಇಲ್ಲಿ ಮುಖ್ಯ ಅಲ್ಲ, ನಿಮ್ಮದೇ ಅಂತ ಅಂದುಕೊಂಡರೂ ತಪ್ಪಿಲ್ಲ. ಮೇಷ್ಟ್ರಿಗೆ ಗ್ರ್ಯಾಂಟ್ ಬಂತು. ಟೆಂಡರ್ ಕರೆದು ಒಂದು ಏಜೆನ್ಸಿಗೆ ಕೊಟ್ಟರು. ಏಜೆನ್ಸಿಯ ಹುಡುಗರು ಬಂದು ಹಳೇ ಪತ್ರಿಕೆಗಳ ಕಟ್ಟು ಬಿಚ್ಚಿ ಸ್ಕ್ಯಾನ್ ಮಾಡಿದರು. ಫೈಲಿನ ಹೆಸರು ಒಂದು, ಎರಡು, ಮೂರು. ಯಾವ ಪತ್ರಿಕೆ, ಯಾವ ಸಂಪುಟ, ಯಾವ ಸಂಚಿಕೆ ಅಂತ ಬರೆದುಕೊಂಡವರಿಲ್ಲ. ಯೂಟಿಲೈಸೇಷನ್ ಸರ್ಟಿಫಿಕೇಟ್ ಕಳಿಸಬೇಕಾದ ವಾರದಲ್ಲಿ ಮೇಷ್ಟ್ರಿಗೆ ಲೈಬ್ರರಿ ನೆನಪಾಯಿತು. ಒಂದು ಹಾರ್ಡ್‌ಡಿಸ್ಕ್ ಕಳಿಸಿ, “ಇದನ್ನ ವೆಬ್‌ಸೈಟಿಗೆ ಹಾಕಿಬಿಡ್ರಿ” ಅಂದರು. ಮದುವೆ ಮುಗಿದ ಮೇಲೆ ಎಲೆ ಎತ್ತೋಕೆ ಕರೆದ ಹಾಗೆ. ಸಹಾಯಕ ಗ್ರಂಥಪಾಲಕಿ ತೆರೆದು ನೋಡಿದರೆ ಸಾವಿರಾರು ಚಿತ್ರಗಳು, ಯಾವುದು ಯಾವುದರ ಪುಟ ಅಂತ ಹೇಳುವವರಿಲ್ಲ. ಏಜೆನ್ಸಿ ಬಿಲ್ ಪಡೆದು ಹೋಗಿತ್ತು. ಉದ್ಘಾಟನೆ ಆಯಿತು, ಫೋಟೋ ಪೇಪರಿನಲ್ಲಿ ಬಂತು. ಎರಡು ವರ್ಷಕ್ಕೆ ಡೊಮೈನ್ ದುಡ್ಡು ಕಟ್ಟುವವರಿಲ್ಲದೆ ಸೈಟು ಮುಚ್ಚಿತು. ಹಾರ್ಡ್‌ಡಿಸ್ಕ್ ಇವತ್ತಿಗೂ ಬೀರುವಿನಲ್ಲಿದೆ. ಬೀರುವಿನ ಕೀಲಿ ನಿವೃತ್ತರಾದ ಮೇಷ್ಟ್ರ ಹತ್ತಿರ ಇದೆ ಅಂತ ಹೇಳ್ತಾರೆ.

ನಗು ಬರುತ್ತೆ ಅಲ್ವಾ? ಬಿಚ್ಚಿದ ಕಟ್ಟಿನ ಆ ಪುಡಿಪುಡಿ ಕಾಗದ ಮತ್ತೆ ಒಂದು ಸಲ ಸ್ಕ್ಯಾನರ್ ತಡೆಯಲ್ಲ. ಅದು ನಗುವ ವಿಷಯ ಅಲ್ಲ.

ಮೊದಲ ದಿನವೇ ಆ ಗ್ರಂಥಪಾಲಕಿಯನ್ನು ಕೂರಿಸಿಕೊಂಡಿದ್ದರೆ ಆಕೆ ಏನು ಹೇಳುತ್ತಿದ್ದಳು? ಫೈಲಿಗೆ ಹೆಸರು ಹೇಗಿಡಬೇಕು ಅಂತ ಹೇಳುತ್ತಿದ್ದಳು. ಇದು ಗುಮಾಸ್ತೆ ಕೆಲಸ ಅಂತ ಮೇಷ್ಟ್ರುಗಳಿಗೆ ಅನ್ನಿಸಬಹುದು. ಆದರೆ ಕನ್ನಡದಲ್ಲಿ ಹೆಸರಿನ ಸಮಸ್ಯೆಯೇ ಅರ್ಧ ಸಂಶೋಧನೆ. ಪಂಪನ ಕಾವ್ಯ ‘ವಿಕ್ರಮಾರ್ಜುನ ವಿಜಯ’ವೂ ಹೌದು, ‘ಪಂಪಭಾರತ’ವೂ ಹೌದು. ‘ಕರ್ಣಾಟ ಭಾರತ ಕಥಾಮಂಜರಿ’, ‘ಗದುಗಿನ ಭಾರತ’, ‘ಕುಮಾರವ್ಯಾಸ ಭಾರತ’ ಮೂರೂ ಒಂದೇ. ಬೇಂದ್ರೆ, ಅಂಬಿಕಾತನಯದತ್ತ; ಮಾಸ್ತಿ, ಶ್ರೀನಿವಾಸ; ಕುವೆಂಪು, ಕೆ.ವಿ. ಪುಟ್ಟಪ್ಪ. ಮನುಷ್ಯರಿಗೆ ಇವೆಲ್ಲ ಗೊತ್ತು. ಯಂತ್ರಕ್ಕೆ ಗೊತ್ತಿಲ್ಲ. ಗೊತ್ತು ಮಾಡಿಸದೆ ಹೋದರೆ ‘ಅಂಬಿಕಾತನಯದತ್ತ’ ಅಂತ ಹುಡುಕಿದವನಿಗೆ ಬೇಂದ್ರೆಯವರ ಅರ್ಧ ಬರವಣಿಗೆ ಸಿಗುವುದೇ ಇಲ್ಲ. ಒಬ್ಬ ಲೇಖಕನ ಎಲ್ಲ ಹೆಸರುಗಳನ್ನೂ ಒಂದು ಗೂಟಕ್ಕೆ ಕಟ್ಟುವುದು, ಒಂದು ಕೃತಿಯ ಎಲ್ಲ ಶೀರ್ಷಿಕೆಗಳನ್ನೂ ಒಂದು ತಾಯಿಬೇರಿಗೆ ಸೇರಿಸುವುದು ಸೂಚೀಕರಣ ಕಲಿತವರ ಕಸುಬು. ಕಾರ್ಡ್ ಕ್ಯಾಟಲಾಗ್ ಕಾಲದಿಂದ ಅವರು ಮಾಡಿಕೊಂಡು ಬಂದಿದ್ದಾರೆ.

ಶಾಸನಗಳ ಕಥೆ ಇನ್ನೂ ಚೆನ್ನಾಗಿದೆ. ಬಿ.ಎಲ್. ರೈಸ್ 1886ರಲ್ಲಿ ಶುರು ಮಾಡಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ತಾಲ್ಲೂಕುವಾರು ಶಾಸನಗಳಿಗೆ ಒಂದು ಸಂಖ್ಯೆ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ತಂದ ಪರಿಷ್ಕೃತ ಆವೃತ್ತಿಯಲ್ಲಿ ಸಂಖ್ಯೆ ಬದಲು. ಹಳೇ ಸಂಶೋಧಕರು ಹಳೇ ಸಂಖ್ಯೆಯಲ್ಲಿ ಉಲ್ಲೇಖ ಮಾಡಿದ್ದಾರೆ, ಹೊಸಬರು ಹೊಸದರಲ್ಲಿ. ಎರಡೂ ಒಂದೇ ಕಲ್ಲು ಅಂತ ಹೇಳುವ ಜೋಡಣೆ ಪಟ್ಟಿ ಇಲ್ಲದೆ ನೀವು ಎಂಥ ಚೆಂದದ ಶಾಸನ ನಕ್ಷೆ ಮಾಡಿದರೂ ಒಂದು ಕಲ್ಲು ಎರಡು ಆಗಿ ಕೂರುತ್ತೆ. ಲಿಪಿ ಓದಲು ಮೇಷ್ಟ್ರು ಬೇಕು. ಕಲ್ಲಿಗೆ ಶಾಶ್ವತವಾದ ಒಂದು ಗುರುತು ಕೊಟ್ಟು, ಹಳೇದು ಹೊಸದು ಎರಡನ್ನೂ ಅದಕ್ಕೆ ಕಟ್ಟೋಕೆ ಗ್ರಂಥಪಾಲಕರು ಬೇಕು. ಒಬ್ಬರ ಕೆಲಸ ಇನ್ನೊಬ್ಬರು ಮಾಡೋಕೆ ಆಗಲ್ಲ.

ಈ ಜ್ಞಾನ ಇಲ್ಲದೆ ಕೆಲಸ ಮಾಡಿದರೆ ಏನಾಗುತ್ತೆ ಅಂತ ದೇಶವೇ ನೋಡಿದೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಅನ್ನುವ ಮಹಾಯೋಜನೆ ನೆನಪಿದೆಯಾ? ಲಕ್ಷಗಟ್ಟಲೆ ಪುಸ್ತಕ ಸ್ಕ್ಯಾನ್ ಆದವು. ಕನ್ನಡದವೂ ರಾಶಿ ಇದ್ದವು. ಶೀರ್ಷಿಕೆಗಳನ್ನು ರೋಮನ್ ಅಕ್ಷರದಲ್ಲಿ, ಬೆರಳಚ್ಚು ಮಾಡಿದವರಿಗೆ ತೋಚಿದ ಕಾಗುಣಿತದಲ್ಲಿ ಹಾಕಿದ್ದರು. ಲೇಖಕರ ಹೆಸರಿನ ಜಾಗದಲ್ಲಿ ಏನೇನೋ. ನಡುವೆ ಪುಟಗಳು ಮಾಯ. ಕೊನೆಗೆ ಆ ಸೈಟೇ ಮುಚ್ಚಿತು. ಪುಸ್ತಕಗಳು ಬದುಕಿದ್ದು ಹೊರಗಿನವರು ಇಂಟರ್‌ನೆಟ್ ಆರ್ಕೈವ್‌ಗೆ ನಕಲು ಮಾಡಿ ಇಟ್ಟಿದ್ದರಿಂದ. ಅಲ್ಲಿ ಇವತ್ತಿಗೂ ಒಂದು ಕನ್ನಡ ಪುಸ್ತಕ ಹುಡುಕಬೇಕಾದರೆ ಅದರ ಹೆಸರನ್ನು ನಾಲ್ಕು ಥರ ತಪ್ಪಾಗಿ ಬರೆದು ನೋಡಬೇಕು. ಪುಸ್ತಕ ಇದೆ, ಸಿಗಲ್ಲ. ಕ್ಯಾಟಲಾಗ್ ಇಲ್ಲದ ಲೈಬ್ರರಿಗೂ ಹಳೇ ಪೇಪರ್ ಅಂಗಡಿಗೂ ಇರೋ ವ್ಯತ್ಯಾಸ ತೂಕದ ಯಂತ್ರ ಮಾತ್ರ.

ಈಗ ಎಲ್ಲರಿಗೂ ನೋಯುವ ಜಾಗಕ್ಕೆ ಬರೋಣ. ನಮ್ಮ ಪಿಎಚ್‌ಡಿ ಪ್ರಬಂಧಗಳು.

2009ರ ಯುಜಿಸಿ ನಿಯಮದಿಂದ ಈಚೆಗೆ ಪ್ರತಿ ಪಿಎಚ್‌ಡಿ ಪ್ರಬಂಧದ ಡಿಜಿಟಲ್ ಪ್ರತಿ ಕೊಡಬೇಕು. ಅದು ‘ಶೋಧಗಂಗಾ’ಕ್ಕೆ ಹೋಗುತ್ತೆ. ಕಳಿಸುವ ಕೆಲಸ ಗ್ರಂಥಾಲಯದ್ದು. ಅಲ್ಲಿ ಕನ್ನಡದ ಪ್ರಬಂಧ ಒಂದನ್ನು ತೆರೆದು, ಒಂದು ಪದ ಹುಡುಕಿ ನೋಡಿ. ಎಷ್ಟೋ ಪ್ರಬಂಧಗಳಲ್ಲಿ ಏನೂ ಸಿಗಲ್ಲ. ಯಾಕೆ? ಒಂದೋ ಅದು ಸ್ಕ್ಯಾನ್ ಮಾಡಿದ ಚಿತ್ರ, ಇಲ್ಲವೇ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ಹಳೇ ನುಡಿಯಲ್ಲಿ ಟೈಪ್ ಮಾಡಿದ ‘ಕನ್ನಡ’ ಅನ್ನುವ ಪದ ನಮ್ಮ ಕಣ್ಣಿಗೆ ಕನ್ನಡ, ಯಂತ್ರದ ಕಣ್ಣಿಗೆ ಯುರೋಪಿನ ಅಕ್ಷರ, ಪೌಂಡಿನ ಚಿಹ್ನೆ ಎಲ್ಲ ಸೇರಿದ ಚಿಂದಿ. ಕನ್ನಡ ಯುನಿಕೋಡ್‌ನ ಮೊದಲ ಆವೃತ್ತಿಯಿಂದಲೇ, ಅಂದರೆ 1991ರಿಂದ ಅದರೊಳಗಿದೆ. ಮೂವತ್ತು ವರ್ಷದ ಮೇಲಾಯಿತು. ಇಷ್ಟಾದರೂ ಡಿಟಿಪಿ ಅಂಗಡಿಯವನು ಯಾವುದರಲ್ಲಿ ಟೈಪ್ ಮಾಡಿಕೊಟ್ಟನೋ ಅದೇ ನಮ್ಮ ಉನ್ನತ ಸಂಶೋಧನೆಯ ಭಾಷೆ.

ಇದರ ಮೇಲೆ ಕೃತಿಚೌರ್ಯ ತಪಾಸಣೆ ಬೇರೆ. 2018ರ ಯುಜಿಸಿ ನಿಯಮದ ಪ್ರಕಾರ ಹೋಲಿಕೆ ಶೇಕಡಾ 10 ದಾಟಬಾರದು. ಸಾಫ್ಟ್‌ವೇರಿಗೆ ಆ ಚಿಂದಿ ಅಕ್ಷರ ತಿನ್ನಿಸಿದರೆ ಅದಕ್ಕೆ ಎಲ್ಲಿ ಹೋಲಿಕೆ ಸಿಗಬೇಕು? ಯುನಿಕೋಡಿನಲ್ಲಿರುವ ಮೂಲದ ಜೊತೆ ಅದು ತಾಳೆಯಾಗುವ ಮಾತೇ ಇಲ್ಲ. ಕದ್ದವನೂ ಪಾಸು, ಕದಿಯದವನೂ ಪಾಸು. ಲೈಬ್ರರಿ ಸರ್ಟಿಫಿಕೇಟ್ ಕೊಡುತ್ತೆ, ಗೈಡು ಸಹಿ ಹಾಕ್ತಾರೆ, ಎಲ್ಲರಿಗೂ ಒಳಗಿನ ಗುಟ್ಟು ಗೊತ್ತು.

“ಯುನಿಕೋಡಿನಲ್ಲಿ ಇಲ್ಲದ ಪ್ರಬಂಧ ತಗೊಳ್ಳಲ್ಲ” ಅಂತ ಒಂದು ಸುತ್ತೋಲೆ ಸಾಕಿತ್ತು. ಗ್ರಂಥಾಲಯ ಬರೆಯಬೇಕು, ವಿಭಾಗ ಬೆನ್ನಿಗೆ ನಿಲ್ಲಬೇಕು. ಲೈಬ್ರರಿಯವರು ಹೇಳಿದರೆ ಮೇಷ್ಟ್ರು ಸಿಟ್ಟಾಗ್ತಾರೆ, “ನೀವ್ಯಾರ್ರೀ ಹೇಳೋಕೆ?” ಅಂತಾರೆ. ಮೇಷ್ಟ್ರು ಹೇಳೋಣ ಅಂದರೆ ಅವರಿಗೇ ಯುನಿಕೋಡಿಗೂ ನುಡಿಗೂ ವ್ಯತ್ಯಾಸ ಗೊತ್ತಿಲ್ಲ. ಇಬ್ಬರೂ ಒಂದು ಮೇಜಿನ ಮುಂದೆ ಅರ್ಧ ಗಂಟೆ ಕೂತಿದ್ದರೆ ಹದಿನೈದು ವರ್ಷದ ಕನ್ನಡ ಸಂಶೋಧನೆ ಇವತ್ತು ಹುಡುಕಲು ಸಿಗುತ್ತಿತ್ತು. ಪ್ರಪಂಚದ ಯಾವ ದೊಡ್ಡ ಪ್ರಾಜೆಕ್ಟೂ ಬೇಡ, ಇದೊಂದೇ ಆಗಿದ್ದರೂ ಕನ್ನಡಕ್ಕೆ ದೊಡ್ಡ ಪಠ್ಯಭಂಡಾರ ಸಿಕ್ಕಿರುತ್ತಿತ್ತು.

“ಲೈಬ್ರರಿಯನ್‌ಗಳಿಗೆ ವಿಷಯಜ್ಞಾನ ಎಲ್ಲಿದೆ, ಅವರನ್ನು ಸಂಶೋಧನೆಗೆ ಯಾಕೆ ಸೇರಿಸಬೇಕು?” ಇದು ಸ್ಟಾಫ್ ರೂಮಿನಲ್ಲಿ ಕೇಳಿ ಬರುವ ಮಾತು. ಸರಿ ಸ್ವಾಮಿ, ಮೈಸೂರಿಗೆ ಹೋಗೋಣ. 1891ರಲ್ಲಿ ಅಲ್ಲಿ ಓರಿಯಂಟಲ್ ಲೈಬ್ರರಿ ಶುರುವಾಯಿತು. 1905ರಲ್ಲಿ, ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟಿದ್ದ ತಾಳೆಗರಿ ಕಟ್ಟಿನಲ್ಲಿ ಇರೋದು ಕೌಟಿಲ್ಯನ ಅರ್ಥಶಾಸ್ತ್ರ ಅಂತ ಒಬ್ಬರು ಗುರುತಿಸಿದರು. 1909ರಲ್ಲಿ ಅದನ್ನು ಅಚ್ಚಿಗೆ ತಂದರು, 1915ರಲ್ಲಿ ಪೂರ್ತಿ ಇಂಗ್ಲಿಷ್ ಅನುವಾದ ಕೊಟ್ಟರು. ಭಾರತದ ಪ್ರಾಚೀನ ರಾಜ್ಯವ್ಯವಸ್ಥೆಯ ಬಗ್ಗೆ ಪ್ರಪಂಚ ಬರೆದ ಚರಿತ್ರೆಯನ್ನೇ ಆ ಕಟ್ಟು ಬದಲಿಸಿತು. ಆ ಮನುಷ್ಯ ಆರ್. ಶಾಮಶಾಸ್ತ್ರಿ. ಅವರು ಪ್ರೊಫೆಸರ್ ಆಗಿರಲಿಲ್ಲ. ಅಲ್ಲಿನ ಗ್ರಂಥಪಾಲಕರಾಗಿದ್ದರು. ಯಾವ ಮೇಷ್ಟ್ರೂ ಅವರನ್ನು ಕರೆದು “ಇದನ್ನ ರಿಜಿಸ್ಟರಿಗೆ ಹತ್ತಿಸಿ ಒಳಗಿಡ್ರಿ” ಅಂದಿರಲಿಲ್ಲ. ಅಂದಿದ್ದರೆ ಕೌಟಿಲ್ಯ ಇವತ್ತಿಗೂ ಒಂದು ಅಕ್ಸೆಷನ್ ನಂಬರ್ ಆಗಿ ಉಳಿದಿರುತ್ತಿದ್ದ.

ಎಸ್.ಆರ್. ರಂಗನಾಥನ್ ಅವರನ್ನಂತೂ ಮರೆಯೋ ಹಾಗೇ ಇಲ್ಲ, ಪ್ರತಿ ಆಗಸ್ಟ್ 12ಕ್ಕೆ ಎಲ್ಲ ಕಾಲೇಜು ಗ್ರಂಥಾಲಯಗಳಲ್ಲೂ ಅವರ ಫೋಟೋಗೆ ಹಾರ ಬೀಳುತ್ತೆ. ಗಣಿತದ ಮೇಷ್ಟ್ರಾಗಿದ್ದವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಜ್ಞಾನವನ್ನು ಹೇಗೆ ವಿಂಗಡಿಸಬೇಕು ಅನ್ನೋದನ್ನೇ ಒಂದು ಶಾಸ್ತ್ರ ಮಾಡಿದರು. 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣದ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು, ಇದೇ ಊರಿನಲ್ಲಿ 1972ರಲ್ಲಿ ತೀರಿಕೊಂಡರು. ಗ್ರಂಥಾಲಯ ಬೆಳೆಯುವ ಜೀವಿ ಅಂತ ಅವರು ಹೇಳಿದ್ದನ್ನು ಗೋಡೆಗೆ ಫ್ಲೆಕ್ಸ್ ಮಾಡಿ ಹಾಕಿದ್ದೇವೆ. ಆ ಜೀವಿಯ ಕೈಗೆ ಕೊಟ್ಟಿರುವ ಕೆಲಸ ಮಾತ್ರ ನೋ-ಡ್ಯೂ ಸರ್ಟಿಫಿಕೇಟಿಗೆ ಸಹಿ ಹಾಕೋದು.

ಬರೀ ಮೇಷ್ಟ್ರುಗಳನ್ನು ಬೈದರೆ ಅರ್ಧ ಸತ್ಯ ಆಗುತ್ತೆ. ಗ್ರಂಥಪಾಲಕರೇ, ಈ ಮಾತು ನಿಮಗೆ. ಯುಜಿಸಿ ನಿಮಗೆ ಮೇಷ್ಟ್ರುಗಳ ಸಮಾನ ವೇತನಶ್ರೇಣಿ ಕೊಟ್ಟಿದೆ. ಸಹಾಯಕ ಗ್ರಂಥಪಾಲಕರಿಗೂ ಸಹಾಯಕ ಪ್ರಾಧ್ಯಾಪಕರ ಶ್ರೇಣಿಯೇ, ವಿಶ್ವವಿದ್ಯಾಲಯ ಗ್ರಂಥಪಾಲಕರಿಗೆ ಪ್ರಾಧ್ಯಾಪಕರ ಶ್ರೇಣಿ. ಎನ್‌ಇಟಿ ಪಾಸಾಗಿ ಬಂದಿದ್ದೀರಿ. ಆದರೆ ನಿಮ್ಮಲ್ಲಿ ಎಷ್ಟು ಜನರ ಸಂಶೋಧನೆ ‘ಇಂಥ ಜಿಲ್ಲೆಯ ಕಾಲೇಜು ವಿದ್ಯಾರ್ಥಿಗಳಿಂದ ಇ-ಸಂಪನ್ಮೂಲಗಳ ಬಳಕೆ: ಒಂದು ಸಮೀಕ್ಷೆ’ ಅನ್ನೋದನ್ನ ದಾಟಿದೆ? ಜಿಲ್ಲೆ ಹೆಸರು ಬದಲಾಗುತ್ತೆ, ಪ್ರಶ್ನಾವಳಿ ಅದೇ. ನಿಮ್ಮ ಕಪಾಟಿನಲ್ಲಿ ಬೇರೆಲ್ಲೂ ಇಲ್ಲದ 1920ರ ಪತ್ರಿಕೆ ಇದ್ದರೆ ಅದರ ಬಗ್ಗೆ ಒಂದು ಸೂಚಿ ಮಾಡಿದ್ದೀರಾ? ನ್ಯಾಕ್ ತಂಡ ಬರುವ ವಾರ ಧೂಳು ಹೊಡೆಸಿ, ಅವರು ಹೋದ ಮೇಲೆ ಬೀಗ ಹಾಕಿದರೆ ಮೇಷ್ಟ್ರು ನಿಮ್ಮನ್ನು ಕಾವಲುಗಾರ ಅಂದಾಗ ಬೇಜಾರು ಮಾಡಿಕೊಳ್ಳುವ ಹಕ್ಕು ನಿಮಗಿಲ್ಲ.

ಕಾಪಿರೈಟ್ ಅನ್ನೋ ಗುಮ್ಮ ಇನ್ನೊಂದು. ಏನು ಕೇಳಿದರೂ “ಕಾಪಿರೈಟ್ ಇದೆ, ಕೊಡೋಕಾಗಲ್ಲ” ಅಂತ ಉತ್ತರ. ಕಾನೂನು ಸರಳವಾಗಿದೆ: ಲೇಖಕ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. ಗೋವಿಂದ ಪೈ ತೀರಿಕೊಂಡಿದ್ದು 1963. ಅವರು ಬರೆದು ಪ್ರಕಟಿಸಿದ್ದು 2024ರ ಜನವರಿ 1ಕ್ಕೆ ಎಲ್ಲರ ಸ್ವತ್ತಾಯಿತು. ವಚನಗಳನ್ನು ಹುಡುಕಿ ತಂದು ಅಚ್ಚು ಹಾಕಿದ ಫ.ಗು. ಹಳಕಟ್ಟಿಯವರು ತೀರಿಕೊಂಡಿದ್ದು 1964. ಅವರ ಬರಹ 2025ಕ್ಕೆ ಬಿಡುಗಡೆ. ಬೇಂದ್ರೆ 1981, ಅಂದರೆ 2042ರವರೆಗೆ ಕಾಯಬೇಕು. ಹಾಗೆಯೇ 2012ರ ತಿದ್ದುಪಡಿಯಲ್ಲಿ ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯಕ್ಕೆ ತನ್ನ ಹತ್ತಿರ ಇರುವ ಪುಸ್ತಕವನ್ನು ಸಂರಕ್ಷಣೆಗಾಗಿ ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಲು ಅವಕಾಶ ಇದೆ. ವರ್ಷ ವರ್ಷ ಜನವರಿ 1ಕ್ಕೆ “ಈ ವರ್ಷ ಇಂಥ ಕನ್ನಡ ಲೇಖಕರು ಮುಕ್ತರಾದರು, ಅವರ ಈ ಪುಸ್ತಕಗಳು ನಮ್ಮಲ್ಲಿವೆ, ಬನ್ನಿ ಕೆಲಸ ಮಾಡೋಣ” ಅಂತ ಕನ್ನಡ ವಿಭಾಗಕ್ಕೆ ಒಂದು ಪತ್ರ ಬರೆಯಲು ಯಾರ ಅನುಮತಿ ಬೇಕು? ಯಾವ ಗ್ರ್ಯಾಂಟ್ ಬೇಕು?

ಮನಸ್ಸು ಮಾಡಿದರೆ ಆಗುತ್ತೆ ಅನ್ನೋದಕ್ಕೆ ಸಾಕ್ಷಿ ನಮ್ಮಲ್ಲೇ ಇದೆ. 2014ರಲ್ಲಿ ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶದ ಕೆಲವು ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಮುಕ್ತ ಮಾಡಿತು. ಆಕಾಶ ಬೀಳಲಿಲ್ಲ, ಬದಲಿಗೆ ಕನ್ನಡ ವಿಕಿಪೀಡಿಯಕ್ಕೆ ಆಹಾರ ಸಿಕ್ಕಿತು. ಇನ್ನು ನೆರೆಯ ಉದಾಹರಣೆ ಬೇಕು ಅಂದರೆ ಕೊಲ್ಕತ್ತಕ್ಕೆ ಹೋಗಿ. ಜಾದವಪುರ ವಿಶ್ವವಿದ್ಯಾಲಯದ ಸ್ಕೂಲ್ ಆಫ್ ಕಲ್ಚರಲ್ ಟೆಕ್ಸ್ಟ್ಸ್ ಅಂಡ್ ರೆಕಾರ್ಡ್ಸ್ 2013ರಲ್ಲಿ ‘ಬಿಚಿತ್ರ’ ಅನ್ನುವ ಟ್ಯಾಗೋರ್ ಜಾಲತಾಣ ತಂದಿತು. ಇಂಗ್ಲಿಷ್ ಮೇಷ್ಟ್ರು ಸುಕಾಂತ ಚೌಧುರಿ ಅದರ ಮುಂದಾಳು. ಹಸ್ತಪ್ರತಿಗಳ ಬಹುಪಾಲು ಬಂದಿದ್ದು ಶಾಂತಿನಿಕೇತನದ ರವೀಂದ್ರ ಭವನದಿಂದ. 47 ಸಾವಿರಕ್ಕೂ ಹೆಚ್ಚು ಹಸ್ತಪ್ರತಿ ಪುಟಗಳು. ಒಂದು ಕವಿತೆಯ ಹಸ್ತಪ್ರತಿ, ಪತ್ರಿಕೆಯಲ್ಲಿ ಬಂದ ರೂಪ, ಪುಸ್ತಕದ ರೂಪ, ಎಲ್ಲವನ್ನೂ ಪಕ್ಕಪಕ್ಕ ಇಟ್ಟು ಎಲ್ಲಿ ಏನು ಬದಲಾಯಿತು ಅಂತ ಯಂತ್ರವೇ ತೋರಿಸುತ್ತೆ. ಅದರ ಬುಡದಲ್ಲಿರುವುದು ಒಂದು ದೊಡ್ಡ ಗ್ರಂಥಸೂಚಿ. ಸೂಚಿ ಇಲ್ಲದೆ ಹೋಲಿಕೆ ಇಲ್ಲ. ಸಂಗ್ರಹ ಇಟ್ಟುಕೊಂಡವರು ಕೈಜೋಡಿಸದೆ ಸೂಚಿ ಇಲ್ಲ. ನಮ್ಮ ಕುವೆಂಪು, ಬೇಂದ್ರೆ, ಪುತಿನ ಅವರಿಗೆ ಇಂಥದ್ದೊಂದು ಬೇಡವಾ?

ಹೊರದೇಶಗಳಲ್ಲಂತೂ ಈ ಕೆಲಸದ ಮನೆಯೇ ಗ್ರಂಥಾಲಯ. ವರ್ಜೀನಿಯಾ ವಿಶ್ವವಿದ್ಯಾಲಯದ ಸ್ಕಾಲರ್ಸ್ ಲ್ಯಾಬ್ ಇರೋದು ಗ್ರಂಥಾಲಯದೊಳಗೆ. ನಮ್ಮ ವಿಶ್ವವಿದ್ಯಾಲಯಗಳು ಪ್ರಬಂಧ ಇಡಲು ಬಳಸುವ ಡಿಸ್ಪೇಸ್ ತಂತ್ರಾಂಶವನ್ನು 2002ರಲ್ಲಿ ತಂದಿದ್ದು ಎಂಐಟಿಯ ಗ್ರಂಥಾಲಯ, ಎಚ್‌ಪಿ ಕಂಪನಿಯ ಜೊತೆ ಸೇರಿ. ಪುಸ್ತಕ ಕೊಡೋಕೆ ತಗೊಳ್ಳೋಕೆ ಬಳಸುವ ಕೋಹಾ ಹುಟ್ಟಿದ್ದು ನ್ಯೂಜಿಲೆಂಡಿನ ಒಂದು ಗ್ರಾಮಾಂತರ ಗ್ರಂಥಾಲಯಕ್ಕಾಗಿ. ಅವರು ಕಟ್ಟಿದರು, ನಾವು ಇನ್‌ಸ್ಟಾಲ್ ಮಾಡಿದೆವು.

ಇನ್ನು ಎದುರು ವಾದಗಳು. ಒಂದು: “ಸ್ವಯಂಸೇವಕರು ಚೆನ್ನಾಗೇ ಮಾಡ್ತಿದ್ದಾರಲ್ಲ, ಮಾಡಲಿ ಬಿಡಿ.” ಮಾಡ್ತಿದ್ದಾರೆ, ಅವರಿಗೆ ದೊಡ್ಡ ನಮಸ್ಕಾರ. ಆದರೆ ಸ್ವಯಂಸೇವಕರಿಗೆ ಮಕ್ಕಳಾಗುತ್ತವೆ, ಊರು ಬದಲಾಗುತ್ತೆ, ವಯಸ್ಸಾಗುತ್ತೆ. ಸರ್ವರ್ ಬಾಡಿಗೆ ಕೈಯಿಂದ ಎಷ್ಟು ವರ್ಷ ಕಟ್ಟುತ್ತಾರೆ? ನೂರು ವರ್ಷ ಉಳಿಸುವ ಜವಾಬ್ದಾರಿ ಹೊರಲು ಸಮಾಜ ಸಾಕಿಕೊಂಡು ಬಂದಿರುವ ಸಂಸ್ಥೆಯ ಹೆಸರೇ ಗ್ರಂಥಾಲಯ. ಕಟ್ಟುವ ಕೆಲಸ ಯಾರಾದರೂ ಮಾಡಲಿ, ಕಾಯುವ ಕೆಲಸ ಅದರದ್ದು.

ಎರಡು: “ಎಐ ಬಂದಿದೆ, ಎಲ್ಲ ತಾನೇ ಓದಿಕೊಳ್ಳುತ್ತೆ.” ಹಳಗನ್ನಡದ ಱ, ೞ ಎದುರಾದರೆ ಓಸಿಆರ್ ಇವತ್ತಿಗೂ ಮುಗ್ಗರಿಸುತ್ತೆ. ಅದನ್ನು ತಿದ್ದಲು ಹಳಗನ್ನಡ ಬಲ್ಲವರು ಬೇಕು, ತಿದ್ದಿದ್ದನ್ನು ಶಿಸ್ತಾಗಿ ಇಡುವವರು ಬೇಕು. ಯಂತ್ರಕ್ಕೆ ಕಲಿಸೋಕೂ ಶುದ್ಧ ಪಠ್ಯವೇ ಬೇಕಲ್ಲ? ಕಸ ಹಾಕಿದರೆ ಕಸವನ್ನೇ ನಯವಾಗಿ ಹಿಂದಕ್ಕೆ ಕೊಡುತ್ತೆ.

ಮೂರು: “ಹುದ್ದೆ ಖಾಲಿ ಇವೆ, ಇರೋ ಜನಕ್ಕೆ ಪುಸ್ತಕ ಜೋಡಿಸೋಕೇ ಪುರಸೊತ್ತಿಲ್ಲ.” ಇದು ಮಾತ್ರ ನಿಜವಾದ ವಾದ. ಎಷ್ಟೋ ಕಡೆ ಹೊರಗುತ್ತಿಗೆಯ ಹುಡುಗರ ಮೇಲೆ ಇಡೀ ಗ್ರಂಥಾಲಯ ನಿಂತಿದೆ. ಹುದ್ದೆ ತುಂಬಿ ಅಂತ ಗ್ರಂಥಪಾಲಕರು ಒಬ್ಬರೇ ಕೂಗಿದರೆ ಯಾರೂ ಕೇಳಿಸಿಕೊಳ್ಳಲ್ಲ. ಅಕಾಡೆಮಿಕ್ ಕೌನ್ಸಿಲಿನಲ್ಲಿ, ಸಿಂಡಿಕೇಟಿನಲ್ಲಿ ಕೂರುವ ಮೇಷ್ಟ್ರುಗಳು “ಗ್ರಂಥಾಲಯ ಇಲ್ಲದೆ ನಮ್ಮ ಸಂಶೋಧನೆ ನಿಂತಿದೆ” ಅಂತ ಬಾಯಿ ಬಿಟ್ಟರೆ ಕೇಳಿಸುತ್ತೆ. ಅವರು ಹಾಗೆ ಹೇಳಬೇಕಾದರೆ ಅವರ ಸಂಶೋಧನೆ ನಿಜವಾಗಿಯೂ ಗ್ರಂಥಾಲಯದ ಮೇಲೆ ನಿಂತಿರಬೇಕು. ಪಾಲುದಾರಿಕೆ ಇಲ್ಲದ ಕಡೆ ಬೆಂಬಲವೂ ಇರಲ್ಲ.

ಹಾಗಾದರೆ ಏನು ಮಾಡಬೇಕು? ಪ್ರಾಜೆಕ್ಟಿನ ಅರ್ಜಿ ಬರೆಯುವ ದಿನವೇ ಗ್ರಂಥಪಾಲಕರ ಹೆಸರು ಸಹ-ಸಂಶೋಧಕರ ಜಾಗದಲ್ಲಿ ಇರಲಿ. ಕೊನೆಯ ಪುಟದ ಕೃತಜ್ಞತೆಯ ಸಾಲಿನಲ್ಲಿ ಅಲ್ಲ, ಶೀರ್ಷಿಕೆ ಪುಟದಲ್ಲಿ. ಬಜೆಟ್ಟಿನಲ್ಲಿ ಕಟ್ಟುವ ಖರ್ಚಿನ ಜೊತೆ ಮುಂದಿನ ಹತ್ತು ವರ್ಷ ಕಾಯುವ ಖರ್ಚನ್ನೂ ಬರೆಯಿರಿ. ಅದಕ್ಕೆ ದುಡ್ಡು ಇಲ್ಲದಿದ್ದರೆ ಯೋಜನೆ ಚಿಕ್ಕದು ಮಾಡಿ. ಪಠ್ಯವೆಲ್ಲ ಯುನಿಕೋಡಿನಲ್ಲೇ ಇರಲಿ, ಗ್ರಂಥಾಲಯದ ಸರ್ವರಿನಲ್ಲಿ ಇರಲಿ, ಯಾರು ಬೇಕಾದರೂ ಇಳಿಸಿಕೊಳ್ಳುವ ಹಾಗಿರಲಿ. ಹೊರಗೆ ದುಡಿದವರ ಜೊತೆ ಕೂತು ಮಾತಾಡಿ, ಅವರು ಒಪ್ಪಿದರೆ ಅವರ ಕೆಲಸದ ಒಂದೊಂದು ಪ್ರತಿಯನ್ನು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕಾಪಾಡುವ ಹೊಣೆ ಹೊರಿ. ಕನ್ನಡ ಎಂಎ ಮಕ್ಕಳೂ ಗ್ರಂಥಾಲಯ ವಿಜ್ಞಾನದ ಮಕ್ಕಳೂ ಸೇರಿ ಕೂರುವ ಒಂದು ಪತ್ರಿಕೆ ಪಠ್ಯಕ್ರಮದಲ್ಲಿ ಇಡಿ; ಒಂದು ಸೆಮಿಸ್ಟರಿಗೆ ಒಂದು ಹಳೇ ಪತ್ರಿಕೆಯ ಒಂದು ವರ್ಷದ ಸಂಚಿಕೆಗಳ ಸೂಚಿ ಮಾಡಲಿ. ಹತ್ತು ವರ್ಷಕ್ಕೆ ಏನಾಗುತ್ತೆ ಅಂತ ಲೆಕ್ಕ ಹಾಕಿ.

ಇದರಲ್ಲಿ ಯಾವುದಕ್ಕೂ ವಿದೇಶಿ ಪರಿಣತರು ಬೇಡ, ಹೊಸ ಕಟ್ಟಡ ಬೇಡ, ಹೊಸ ಕೇಂದ್ರದ ನಾಮಫಲಕ ಬೇಡ. ಕನ್ನಡ ವಿಭಾಗದಿಂದ ಗ್ರಂಥಾಲಯಕ್ಕೆ ನಡೆದರೆ ಐದು ನಿಮಿಷ. ಬರುವ ಆಗಸ್ಟ್ 12ಕ್ಕೆ ರಂಗನಾಥನ್ ಫೋಟೋಗೆ ಹಾರ ಹಾಕೋಕೆ ಮುಂಚೆ ಒಬ್ಬ ಮೇಷ್ಟ್ರು ಆ ಐದು ನಿಮಿಷ ನಡೀಲಿ, ಗ್ರಂಥಪಾಲಕರು ಎದ್ದು ಆ ಹಳೇ ಕಪಾಟಿನ ಬೀಗ ತೆಗೀಲಿ. ಹಾರ ಆಮೇಲೆ ಹಾಕಿದರಾಯಿತು.